ರಾಯರು ಸತ್ತ ಬಂಡೆ

೫ ಜನವರಿ ೨೦೦೪, ಸೋಮವಾರ

ಇವತ್ತೂ ಕೆಲಸ ಕೊಡಲಿಲ್ಲ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಮಾಧಾಪುರಕ್ಕೆ ಹೋದೆ, ಕಂಪ್ಯೂಟರ್ ಆನ್ ಮಾಡಿದೆ, ಮಧ್ಯಾಹ್ನ ಕಂಪನಿಯ ಊಟ ಮಾಡಿದೆ, ಕಂಪ್ಯೂಟರ್ ಆಫ್ ಮಾಡಿ ಅದೇ ಬಸ್ಸಿನಲ್ಲಿ ನಾರಾಯಣಗೂಡಕ್ಕೆ ವಾಪಸು ಬಂದೆ. ಹಳೆಯ ಪ್ರಾಜೆಕ್ಟ್ ದಸರೆಗೆ ಮುಗಿದಾಗಿನಿಂದ ಹೀಗೇ. ಕೆಲಸವಿಲ್ಲದೆ ಸಂಬಳ ತೆಗೆದುಕೊಳ್ಳುವವರನ್ನು ನಮ್ಮಲ್ಲಿ ‘ಬೆಂಚಿನವರು’ ಎನ್ನುತ್ತಾರೆ. ಊರು ತುಂಬ ಹೊಸ ಕಟ್ಟಡ, ಹೊಸ ಕ್ರೇನು, ಪ್ರತಿ ಸೋಮವಾರ ಹೊಸಬರ ಹಿಂಡು; ನನಗೆ ಮಾತ್ರ ಬೆಂಚು. ತಿಂಗಳ ಕೊನೆಗೆ ನಮ್ಮಲ್ಲಿ ಯಾರನ್ನು ಉಳಿಸಿಕೊಳ್ಳುವುದು ಎಂದು ತೀರ್ಮಾನವಾಗುತ್ತದಂತೆ. ಎಚ್.ಆರ್.ನ ಪೂರ್ವಿಯನ್ನು ಹಿಡಿದು, ಬೆಂಗಳೂರಿಗಾದರೂ ವರ್ಗ ಮಾಡಿಸು ಎಂದು ಮತ್ತೊಮ್ಮೆ ಕೇಳಿದೆ. ಅಲ್ಲಿ ನನ್ನ ಅಕ್ಕ ತಾರಕ್ಕ ಇದ್ದಾಳೆ, ಅಲ್ಲಿಂದ ಅಪ್ಪ ಅಮ್ಮ ಇರುವ ಮೈಸೂರು ಹತ್ತಿರ. ಈ ಹೈದರಾಬಾದಿನಲ್ಲಿ ನನ್ನದು ಅನ್ನುವುದು ಏನಿದೆ?

ರಾತ್ರಿ ಊಟಕ್ಕೆ ಕೆಳಗಿನ ಮನೆಯವರು ಕರೆದರು. ಹೊಸ ವರ್ಷಕ್ಕೆ ಮಹಡಿಯ ಈ ಕೋಣೆಗೆ ಬಂದ ಮೇಲೆ ಅವರ ಜೊತೆ ಸರಿಯಾಗಿ ಕೂತು ಮಾತಾಡಿದ್ದು ಇವತ್ತೇ. ಮನೆಯ ಯಜಮಾನರು ಹಣಮಂತರಾಯರು. ಹುಮನಾಬಾದಿನ ಕಡೆಯವರು, ವಿದ್ಯುತ್ ಕಚೇರಿಯಲ್ಲಿ ದುಡಿದು ಈಗ ನಿವೃತ್ತರು. ಅವರ ಹೆಂಡತಿ ಶಿವದೇವಮ್ಮ. ಅವರನ್ನು ಆಂಟಿ ಅಂದರೆ, ನಾ ಏನು ಅಂಗಡ್ಯಾಗ ಕೂತಾಕಿ ಅಲ್ಲ, ಅಮ್ಮ ಅನ್ನು ಅಂದರು. ಜೋಳದ ರೊಟ್ಟಿ, ಪುಂಡಿ ಪಲ್ಲೆ. ಅವರು ಎಲ್ಲದಕ್ಕೂ ‘ಭಾಳ’ ಎನ್ನುತ್ತಾರೆ. ಭಾಳ ಛಲೋ, ಭಾಳ ಖಾರ, ಭಾಳ ತೆಳ್ಳಗದಿ.

ರಾಯರು ನನ್ನ ಆಫೀಸು ಎಲ್ಲಿ ಎಂದು ವಿಚಾರಿಸಿದರು. ಮಾಧಾಪುರ ಅಂದೆ. ಮಾಧಾಪುರದಲ್ಲಿ ಎಲ್ಲಿ ಎಂದರು. ಗುರುತು ಹೇಳಲು ಬೇರೇನೂ ತೋಚದೆ, ನಮ್ಮ ಗೇಟಿನ ಒಳಗೆ ಕೂತ ಆನೆಯ ಹಾಗೆ ಒಂದು ದೊಡ್ಡ ಬಂಡೆ ಇದೆ, ಅದರ ಮೇಲೆ ಕಂಪನಿಯ ಹೆಸರು ಬರೆಸಿದ್ದಾರೆ ಎಂದೆ. ರಾಯರು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಯಲ್ಲಿಟ್ಟರು.

“ಆನಿ ಕಲ್ಲು ಇನ್ನಾ ಐತಿ?” ಎಂದರು. “ಅದರ ಮುಂದ ನಾ ಸತ್ತಿದ್ದೆ, ಮಗಳ.”

ಶಿವದೇವಮ್ಮ ಎದ್ದು ಒಳಗೆ ಹೋದರು.

೬ ಜನವರಿ, ಮಂಗಳವಾರ

ವಿಷಯ ಇಷ್ಟು. ಮೂವತ್ತೆರಡು ವರ್ಷದ ಹಿಂದೆ ಮಾಧಾಪುರದಲ್ಲಿ ಬಂಡೆ, ಕುರಿ, ಸೀತಾಫಲದ ಗಿಡ ಬಿಟ್ಟರೆ ಏನೂ ಇರಲಿಲ್ಲವಂತೆ. ಬೊಂಬಾಯಿಯವರು ಬಂದು ಅಲ್ಲಿ ಒಂದು ಯುದ್ಧದ ಸಿನೆಮಾ ತೆಗೆದರು, ‘ಪತ್ಥರ್ ಕೀ ಚೌಕಿ’, ಅಂದರೆ ಕಲ್ಲಿನ ಕಾವಲು ಠಾಣೆ. ಹೆಸರು ನನಗೂ ಗೊತ್ತಿತ್ತು. ಪ್ರತಿ ಗಣರಾಜ್ಯೋತ್ಸವಕ್ಕೆ ಟಿ.ವಿ.ಯಲ್ಲಿ ಬರುತ್ತದೆ, ಅಪ್ಪ ಕೈಕಟ್ಟಿ ಕೂತು ನೋಡುತ್ತಾರೆ. ಅದರಲ್ಲಿ ಶತ್ರು ಸೈನಿಕರಾಗಿ ಸಾಯಲು ಹೈದರಾಬಾದಿನ ನಾಟಕದವರನ್ನು ಕರೆಸಿದ್ದರು. ಅವರಲ್ಲಿ ನಮ್ಮ ರಾಯರೂ ಒಬ್ಬರು.

ಇವತ್ತು ಊಟದ ಹೊತ್ತಿನಲ್ಲಿ ಹೋಗಿ ಬಂಡೆ ನೋಡಿದೆ. ಇಷ್ಟು ದಿನ ಅದರ ಪಕ್ಕದಲ್ಲೇ ನಡೆದಿದ್ದೆ, ಒಮ್ಮೆಯೂ ನೋಡಿರಲಿಲ್ಲ. ಸೊಂಡಿಲಿನಂತಿರುವ ಕಡೆ ಕಾಲಿಟ್ಟು ಹತ್ತಲು ಹೊರಟಿದ್ದೆ, ಹಿಂದಿನಿಂದ ಯಾರೋ, “ಹತ್ತುದು ಬೇಡ ಮಾರಾಯ್ರೆ, ಬಿದ್ರೆ ನನ್ನ ತಲೆಗೆ ಬರ್ತದೆ” ಎಂದರು. ನೋಡಿದರೆ ಅಡ್ಮಿನ್ ವಿಭಾಗದ ಸೃಜನ್. ಕುಂದಾಪುರದ ಕಡೆಯ ಮನುಷ್ಯ. ಕಟ್ಟಡದ ದೀಪ, ನೀರು, ಲಿಫ್ಟು, ಕುರ್ಚಿ ಎಲ್ಲದಕ್ಕೂ ಅವನೇ ಹೊಣೆ, ಎಲ್ಲದಕ್ಕೂ ಬೇಡ ಅನ್ನುವವನೂ ಅವನೇ. ಕಥೆ ಹೇಳಿದೆ. ನಕ್ಕು ಬಿಟ್ಟುಬಿಡುತ್ತಾನೆ ಎಂದುಕೊಂಡೆ. ಅವನು ಬಂಡೆಯನ್ನು ಒಂದು ಸುತ್ತು ಹಾಕಿ ಬಂದು, ಯಾವ ಬದಿಯಲ್ಲಿ ಸತ್ತದ್ದು ಎಂದು ಕೇಳಿದ. ಗೊತ್ತಿಲ್ಲ ಅಂದೆ. ಕೇಳಿಕೊಂಡು ಬನ್ನಿ ಅಂದ. ವಿಚಿತ್ರ ಪ್ರಾಣಿ.

೧೧ ಜನವರಿ, ಭಾನುವಾರ

ಕೋಠಿಯ ಪೇಟೆಗೆ ಹೋಗಿ ಸಿನೆಮಾದ ವಿ.ಸಿ.ಡಿ. ತಂದೆ. ಕೆಳಗಿನ ಮನೆಯಲ್ಲಿ ಜಾತ್ರೆ. ಎದುರುಮನೆಯ ಯಮುನಾಬಾಯಿ ಮತ್ತು ಮಕ್ಕಳು, ಪಕ್ಕದ ಕೋಚಿಂಗ್ ಸೆಂಟರಿನ ಹುಡುಗರು, ಬುಟ್ಟಿ ತುಂಬ ಅವಲಕ್ಕಿ. ಶಿವದೇವಮ್ಮ ಮಾತ್ರ ಗುಡಿಗೆ ಹೋಗುತ್ತೇನೆಂದು ಹೊರಟುಹೋದರು.

ರಾಯರು ಮೊದಲೇ ಎಲ್ಲರಿಗೂ ವಿವರಿಸಿದರು. ಅವರ ಪಾಲಿನ ದಿನ ಡೈರೆಕ್ಟರು ಬಂದು, ಗುಂಡು ಬೀಳುತ್ತದೆ, ನಾನು ಸಾಕು ಅನ್ನುವ ತನಕ ಸಾಯುತ್ತಿರು ಎಂದರಂತೆ. ಕ್ಯಾಮೆರಾ ಓಡಿತು. ಅಷ್ಟರಲ್ಲಿ ಹೀರೋನ ಮೀಸೆ ಬಿಸಿಲಿಗೆ ಬಿಚ್ಚಿಕೊಂಡು ಆ ಕಡೆ ಜಗಳ ಶುರುವಾಗಿ, ಡೈರೆಕ್ಟರು ಓಡಿಹೋದರು. ಸಾಕು ಅನ್ನುವವರು ಯಾರೂ ಇಲ್ಲ. ರಾಯರು ಬಿದ್ದರು, ಎದ್ದರು, ಬಂಡೆಗೆ ಒರಗಿದರು, ಜಾರಿದರು, ಮತ್ತೆ ಎದ್ದರು. ರೀಲು ಮುಗಿಯುವ ತನಕ ಸತ್ತರು. ಅದನ್ನು ಕತ್ತರಿಸದೆ ಹಾಗೇ ಇಟ್ಟರು.

ಬೊಂಬಾಯಿಯ ಪತ್ರಿಕೆಗಳು, ಈ ಚಿತ್ರದಲ್ಲಿ ನಟಿಸಿರುವುದು ಕಲ್ಲುಗಳು ಮಾತ್ರ ಎಂದು ಬರೆದವು. ಅಲ್ಲಿ ಎರಡನೆಯ ವಾರಕ್ಕೇ ತೆಗೆದರು. ಹೈದರಾಬಾದಿನಲ್ಲಿ ನೂರು ದಿನ ಓಡಿತು. ಇವರು ಸಾಯುವಾಗ ಪರದೆಗೆ ಚಿಲ್ಲರೆ ಎಸೆಯುತ್ತಿದ್ದರು. ಆದರೆ ಓಣಿಯಲ್ಲಿ ಹಾಲು ಹಾಕುವ ಹುಸೇನಮ್ಮ, ನಮ್ಮ ಹುಡುಗರ ಮೇಲೆ ಗುಂಡು ಹಾರಿಸಿದವನಿಗೆ ಹಾಲಿಲ್ಲ ಎಂದು ಒಂದು ತಿಂಗಳು ಇವರ ಬಾಗಿಲು ದಾಟಿ ಹೋದಳಂತೆ. ವರ್ಷಗಳು ಕಳೆದ ಮೇಲೆ ಅದೇ ಪತ್ರಿಕೆಗಳು ಅದನ್ನು ಅಮರ ಚಿತ್ರ ಎಂದವು.

ನೋಡುತ್ತ ಕೂತೆವು. ಚೌಕಿ ಬಂತು, ಆನೆ ಬಂಡೆ ಬಂತು, ಟೋಪಿ ಹಾಕಿದ ತೆಳ್ಳಗಿನ ರಾಯರು ಬಂದೂಕು ಹಿಡಿದು ಬಂದರು. ಎಲ್ಲರೂ ಚಪ್ಪಾಳೆ. ಗುಂಡಿನ ಸದ್ದು. ಮರುಗಳಿಗೆ ತೆರೆಯ ಮೇಲೆ ಹೀರೋಯಿನ್ ತುಳಸಿಗೆ ನೀರು ಹಾಕುತ್ತಿದ್ದಾಳೆ. ಸಾವೇ ಇಲ್ಲ. ಸಿನೆಮಾ ಉದ್ದವಾಯಿತೆಂದು ವಿ.ಸಿ.ಡಿ.ಯವರು ಕತ್ತರಿಸಿಬಿಟ್ಟಿದ್ದಾರೆ. ಟಿ.ವಿ.ಯಲ್ಲಿ ಬರುವುದೂ ಇದೇ ಅಂತೆ. ರಾಯರಿಗೆ ಅದು ಗೊತ್ತೇ ಇರಲಿಲ್ಲ, ಏಕೆಂದರೆ ಈ ಮನೆಯಲ್ಲಿ ಶಿವದೇವಮ್ಮ ಯಾವತ್ತೂ ಆ ಸಿನೆಮಾ ಹಚ್ಚಲು ಬಿಟ್ಟಿಲ್ಲ.

ರಾಯರು ಡಿಸ್ಕನ್ನು ಹೊರತೆಗೆದು ಹಿಂದು ಮುಂದು ತಿರುಗಿಸಿ ನೋಡಿದರು. ಆಮೇಲೆ, “ಅಂದ್ರ ನಾ ಸತ್ತೇ ಇಲ್ಲ” ಎಂದರು. ಗುಡಿಯಿಂದ ಬಂದ ಶಿವದೇವಮ್ಮ ಬಾಗಿಲಲ್ಲೇ ಕೇಳಿಸಿಕೊಂಡು, ಛಲೋ ಆತು ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

ನಗಬಾರದಿತ್ತು. ಮೇಲೆ ಬಂದು ದಿಂಬಿನಲ್ಲಿ ಮುಖ ಇಟ್ಟು ನಕ್ಕೆ. ಈ ಊರಿಗೆ ಬಂದ ಮೇಲೆ ಹಾಗೆ ನಕ್ಕ ನೆನಪಿಲ್ಲ.

೧೩ ಜನವರಿ, ಮಂಗಳವಾರ

ಇದು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಪೂರ್ವಿ ಬೆಂಚಿನವರನ್ನೆಲ್ಲ ಕರೆದು, ಗಣರಾಜ್ಯೋತ್ಸವಕ್ಕೆ ಏನಾದರೂ ಮಾಡಿ, ಸುಮ್ಮನೆ ಕೂತಿರುವುದು ಮೇಲಿನವರ ಕಣ್ಣಿಗೆ ಬೀಳುತ್ತಿದೆ ಎಂದಳು. ರಂಗೋಲಿ, ಕ್ವಿಜ್ ಎಂದೆಲ್ಲ ಹೇಳುತ್ತಿದ್ದರು. ನಾನು ಎದ್ದು ನಿಂತು, ಇದೇ ಜಾಗದಲ್ಲಿ ಒಂದು ಯುದ್ಧ ನಡೆದಿದೆ, ಅದನ್ನು ಇಲ್ಲೇ ಹುಲ್ಲಿನ ಮೇಲೆ ಪರದೆ ಕಟ್ಟಿ ತೋರಿಸೋಣ ಎಂದೆ. ಮೀಟಿಂಗಿನಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು. ಒಪ್ಪಿಬಿಟ್ಟರು.

ಅನುಮತಿ ಕೊಡಬೇಕಾದವನು ಸೃಜನ್. ವಿದ್ಯುತ್ತಿನ ತಂತಿ ಬೇಡ, ಹುಲ್ಲಿಗೆ ಕುರ್ಚಿ ಬೇಡ, ಸೊಳ್ಳೆ ಉಂಟು, ಚಳಿ ಉಂಟು ಎಂದು ಸಂಜೆಯ ತನಕ ಕೊರೆದ. ಕೊನೆಗೆ, ಪೂರ್ತಿ ಸಾವು ಇರುವ ಪ್ರಿಂಟು ಎಲ್ಲಿ ಸಿಗ್ತದೆ ಹುಡುಕ್ತೇನೆ ಎಂದ. ಅದನ್ನು ಮೊದಲೇ ಹೇಳಬಾರದಿತ್ತೆ? ಬಸ್ಸು ತಪ್ಪಿತು.

೧೫ ಜನವರಿ, ಗುರುವಾರ. ಸಂಕ್ರಾಂತಿ

ಆಕಾಶದ ತುಂಬ ಗಾಳಿಪಟ. ತಾರಸಿಯ ಮೇಲೆ ರಾಯರು ಮತ್ತು ಎದುರುಮನೆಯ ಮಕ್ಕಳು ಕೂಗಾಡುತ್ತಿದ್ದರು. ನಾನು ಕೆಳಗೆ ಶಿವದೇವಮ್ಮನ ಜೊತೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದೆ. ಧೈರ್ಯ ಮಾಡಿ ಕೇಳಿದೆ, ಸಿನೆಮಾ ಅಂದರೆ ನಿಮಗೆ ಯಾಕೆ ಆಗುವುದಿಲ್ಲ ಎಂದು.

ಅವರು ರೊಟ್ಟಿ ತಟ್ಟುತ್ತಲೇ ಹೇಳಿದರು. ಸಿನೆಮಾ ಹುಮನಾಬಾದಿನ ಟೆಂಟಿಗೆ ಬಂದಾಗ ಇವರು ಬಸುರಿ, ತವರಿನಲ್ಲಿದ್ದರು. ರಾಯರು ಹೈದರಾಬಾದಿನಲ್ಲಿ. ಬಸುರಿ ಹೆಂಗಸು ಗಂಡ ಸಾಯುವುದನ್ನು ನೋಡಬಾರದೆಂದು ಮನೆಯವರು ಕಳಿಸಲಿಲ್ಲ. ರಾಯರ ಸೋದರತ್ತೆ ಸುಂದರಾಬಾಯಿ ಹೋಗಿದ್ದಳು. ಅವಳು ಅಲ್ಲಿಯ ತನಕ ಸಿನೆಮಾ ಕಂಡವಳಲ್ಲ. ಸೋದರಳಿಯನ ಎದೆಗೆ ಗುಂಡು ಬಿದ್ದು ರಕ್ತ ಬಂದದ್ದನ್ನು ಕಂಡದ್ದೇ ಟೆಂಟಿನಿಂದ ಎದ್ದು ಬಾಯಿ ಬಡಿದುಕೊಳ್ಳುತ್ತ ಓಣಿಯುದ್ದಕ್ಕೂ ಓಡಿ ಬಂದಳು. ಅದು ಸುಳ್ಳು ರಕ್ತ ಎಂದು ಹೇಳುವವರು ಹೇಳಿದರು. ಆದರೆ ಯಾರೋ, ಬಂದೂಕಿನಲ್ಲಿ ತಪ್ಪಿ ನಿಜವಾದ ಗುಂಡು ಇತ್ತಂತೆ, ಅದಕ್ಕೇ ಆ ಮನುಷ್ಯ ಅಷ್ಟು ಹೊತ್ತು ಒದ್ದಾಡಿದ್ದು ಎಂದುಬಿಟ್ಟರು. ಆ ಮಾತೇ ಗೆದ್ದಿತು. ಹೆಂಗಸರು ಸುತ್ತ ಕೂತರು. ಒಬ್ಬ ಮುದುಕಿ ಇವರ ಕೈಹಿಡಿದು ಬಳೆಯ ಮೇಲೆ ಬೆರಳಿಟ್ಟಳು.

ಬೆಳಗಿನ ಮೊದಲ ಬಸ್ಸಿಗೆ ಇವರ ಅಪ್ಪ ಹೈದರಾಬಾದಿಗೆ ಹೋಗಿ, ಸಂಜೆ ಅಳಿಯನನ್ನು ಕರೆದುಕೊಂಡು ಬಂದರು.

“ಇವರು ಬಾಗಲದಾಗ ನಿಂತಾಗ ನನಗ ನಗುನೂ ಬರಲಿಲ್ಲ, ಅಳುನೂ ಬರಲಿಲ್ಲ,” ಎಂದರು ಶಿವದೇವಮ್ಮ. “ಹಸಿವಿ ಆತು. ಮೂರು ರೊಟ್ಟಿ ತಿಂದೆ. ಆದ್ರ ಆ ಮುದುಕಿ ಬೆರಳು ಇನ್ನಾ ಇಲ್ಲೇ ಐತಿ, ನೋಡು.” ಹಿಟ್ಟಿನ ಕೈಯಿಂದ ಮಣಿಕಟ್ಟು ತೋರಿಸಿದರು.

ಹಾಗಾದರೆ ಇದೆಲ್ಲ ಬೇಡ, ನಿಲ್ಲಿಸಿಬಿಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ರಾಯರಿಗೆ ಭಾಳ ಆಸೆ, ತೋರಿಸು ಎಂದರು. ತಾವೂ ಬರುತ್ತಾರಂತೆ, ಗಂಡನ ಮುಖ ಬಾಡಬಾರದೆಂದು. ಸಾಯುವುದು ಬರುವ ಮುಂಚೆ ನಾನು ಬಂದು ಎಬ್ಬಿಸಿ ಆಚೆ ಕರೆದೊಯ್ಯಬೇಕು. ಮಾತು ಕೊಟ್ಟೆ.

೧೮ ಜನವರಿ, ಭಾನುವಾರ

ಸೃಜನ್ ಜೊತೆ ಲಿಂಗಂಪಲ್ಲಿಗೆ ಹೋಗಿದ್ದೆ. ಪ್ರಿಂಟಿನ ಕೆಲಸಕ್ಕೆ. ಅವನು ಬೆಳಿಗ್ಗೆ ಕಾಚಿಗುಡ ಸ್ಟೇಷನ್ನಿಗೆ ಬಂದು ಕಾಯುತ್ತಿದ್ದ, ಇಸ್ತ್ರಿ ಮಾಡಿದ ನೀಲಿ ಅಂಗಿ, ತಲೆಗೆ ನೀರು ಹಾಕಿ ಬಾಚಿದ್ದ. ಭಾನುವಾರದ ಲೋಕಲ್ ಟ್ರೇನಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನಿಂತು, ಯಾವ ಕಟ್ಟಡಕ್ಕೆ ಎಷ್ಟು ಲಿಫ್ಟು ಎಂದು ನನಗೆ ಹೇಳಿದ. ಇಂಥ ಮಾತು ಯಾರು ಆಡುತ್ತಾರೆ? ಆದರೂ ಲಿಂಗಂಪಲ್ಲಿ ಬಂದದ್ದು ಗೊತ್ತಾಗಲಿಲ್ಲ.

ಪ್ರಿಂಟು ಇರುವುದು ಅಮೃತಪ್ಪ ಎಂಬವರ ಹತ್ತಿರ. ಬೀದರಿನವರು, ವಯಸ್ಸಾದವರು, ಮಾತು ಕಮ್ಮಿ, ಕೆಮ್ಮು ಜಾಸ್ತಿ. ಗಣೇಶನ ಪೆಂಡಾಲುಗಳಲ್ಲಿ ಬಟ್ಟೆ ಕಟ್ಟಿ ಸಿನೆಮಾ ತೋರಿಸುತ್ತಿದ್ದರು. ಸಣ್ಣ ಪ್ರೊಜೆಕ್ಟರನ್ನು ಇನ್ನೂ ಎಣ್ಣೆ ಹಾಕಿ ಇಟ್ಟಿದ್ದಾರೆ. ಹಗಲಲ್ಲೇ ಕಿಟಕಿಗೆ ಕಂಬಳಿ ಕಟ್ಟಿ ಗೋಡೆಯ ಮೇಲೆ ಬಿಟ್ಟರು. ಇತ್ತು. ಸಾವು ಪೂರ್ತಿ ಇತ್ತು. ರಾಯರು ಬಿದ್ದು, ಎದ್ದು, ಟೋಪಿ ತೆಗೆದು ಪಕ್ಕಕ್ಕಿಟ್ಟು, ಬಂಡೆಗೆ ಒರಗಿ, ಮತ್ತೆ ಎದ್ದರು. ಪೆಂಡಾಲಿನಲ್ಲಿ ಜನ ಬಿಡುತ್ತಿರಲಿಲ್ಲ, ಇದನ್ನೇ ಹಿಂದೆ ಮುಂದೆ ಓಡಿಸು ಎನ್ನುತ್ತಿದ್ದರು, ಗಣಪ್ಪನೂ ಬೇಸತ್ತಿರಬೇಕು ಎಂದರು ಅಮೃತಪ್ಪ. ಅವರು ನಗಲಿಲ್ಲ.

ವಾಪಸು ಬರುವಾಗ ಪ್ಲಾಟ್‌ಫಾರ್ಮಿನಲ್ಲಿ ಜನ ಇರಲಿಲ್ಲ. ಸೃಜನ್ ಆಚೆ ಈಚೆ ನೋಡಿ, ಕೈಚೀಲ ನನಗೆ ಕೊಟ್ಟು, ಎದೆ ಹಿಡಿದುಕೊಂಡು ಕಂಬಕ್ಕೆ ಒರಗಿ ಸಾಯತೊಡಗಿದ. ಜಾರಿ ಕೂತವನು ಎದ್ದು ಮತ್ತೆ ಸತ್ತ. ಕಡಲೆಕಾಯಿ ಮಾರುವವಳು ತೆಲುಗಿನಲ್ಲಿ, ನೀರು ಬೇಕಾ ಬಾಬು ಎಂದು ಓಡಿ ಬಂದಳು. ನನಗೆ ನಗು ತಡೆಯದೆ ಹೊಟ್ಟೆನೋವು ಬಂತು. ಅಡ್ಮಿನ್ ವಿಭಾಗದವರು ಹೀಗೆಲ್ಲ ಇರುತ್ತಾರೆಂದು ಯಾರಿಗೆ ಗೊತ್ತಿತ್ತು.

ನೀಲಿ ಅಂಗಿಗೆ ಪ್ಲಾಟ್‌ಫಾರ್ಮಿನ ಮಸಿ ಹತ್ತಿತು. ಹೋಗುತ್ತದೋ ಇಲ್ಲವೋ.

೨೦ ಜನವರಿ, ಮಂಗಳವಾರ

ರಾಯರು ತಲೆಗೆ ಬಣ್ಣ ಹಚ್ಚಿಸಿಕೊಂಡು ಬಂದಿದ್ದಾರೆ. ಕಿವಿಗೂ ಹತ್ತಿದೆ.

೨೨ ಜನವರಿ, ಗುರುವಾರ

ಎಲ್ಲ ಮುಗಿಯಿತು ಅಂದುಕೊಂಡೆ, ಮುಗಿಯಲಿಲ್ಲ. ಬೆಳಿಗ್ಗೆ ಪೂರ್ವಿ ಬಿಳಿಚಿಕೊಂಡು ಬಂದಳು. ಎಲ್ಲ ಪ್ರಾಜೆಕ್ಟುಗಳಿಗೂ ಮುಖ್ಯಸ್ಥರಾದ ಡೆಲಿವರಿ ಹೆಡ್ ನಮ್ಮ ಪೋಸ್ಟರ್ ನೋಡಿದ್ದಾರೆ, ೨೬ರ ಸಂಜೆಗೆ ಅಮೆರಿಕದ ಗ್ರಾಹಕರೂ ಇರುತ್ತಾರೆ, ಹೊಡೆದಾಟದ ಸಿನೆಮಾ ಬೇಡ, ರದ್ದು ಮಾಡಿ ಎಂದಿದ್ದಾರೆ. ಅವರ ಎದುರು ಹೋಗಬೇಡ, ಬೆಂಚಿನ ತೀರ್ಮಾನ ಅವರದೇ, ಪಟ್ಟಿಯಲ್ಲಿ ನಿನ್ನ ಹೆಸರು ಕೆಳಗಿನ ಕಡೆ ಇದೆ ಎಂದಳು.

ನಾನು ಹೋದೆ. ಯಾಕೆ ಹೋದೆ ಅಂದರೆ ರಾಯರ ಕಿವಿಯ ಬಣ್ಣ ನೆನಪಾಯಿತು. ಅಷ್ಟೇ.

ಅವರು ಕಂಪ್ಯೂಟರಿನಿಂದ ತಲೆ ಎತ್ತದೆ ಒಂದೇ ನಿಮಿಷ ಎಂದರು. ಇದೇ ಬಂಡೆಯ ಮುಂದೆ ಸತ್ತವರು ನಮ್ಮ ಮನೆ ಮಾಲೀಕರು, ಅವರು ಬರುತ್ತಾರೆ ಎಂದೆ. ಯಾವ ಪಾತ್ರ ಎಂದು ಕೇಳಿದರು. ಹೀರೋ ಅಲ್ಲ ಸರ್, ಬಹಳ ಹೊತ್ತು ಸಾಯುವವರು ಎಂದೆ. ಅವರ ಕೈ ಕೀಬೋರ್ಡಿನ ಮೇಲೆ ನಿಂತಿತು. ವಾರಂಗಲ್ಲಿನ ಅವರ ಓಣಿಯಲ್ಲಿ ಹುಡುಗರು ಅದೇ ಯುದ್ಧದ ಆಟ ಆಡುತ್ತಿದ್ದರಂತೆ. ಹೀರೋ ಆಗಲು ಯಾರೂ ಒಪ್ಪುತ್ತಿರಲಿಲ್ಲ, ಎಲ್ಲರಿಗೂ ಆ ಸಾಯುವವನೇ ಆಗಬೇಕಿತ್ತು. ತಮಗೆ ಸರದಿ ಸಿಕ್ಕದ್ದೇ ಕಡಿಮೆ ಎಂದರು. ಆಮೇಲೆ, ಆ ಮನುಷ್ಯ ಬದುಕಿದ್ದಾರಾ ಎಂದು ಮೆಲ್ಲಗೆ ಕೇಳಿದರು.

ಹೊರಗೆ ಬಂದಾಗ ಸೃಜನ್ ಬಾಗಿಲ ಬಳಿ ಬಲ್ಬು ಬದಲಿಸುವವನ ಹಾಗೆ ಏಣಿಯ ಮೇಲೆ ನಿಂತಿದ್ದ. ಅಲ್ಲಿ ಬಲ್ಬು ಕೆಟ್ಟಿರಲಿಲ್ಲ.

೨೭ ಜನವರಿ, ಮಂಗಳವಾರ

ನಿನ್ನೆಯದನ್ನು ನಿನ್ನೆಯೇ ಬರೆಯಲು ಆಗಲಿಲ್ಲ, ಮನೆಗೆ ಬಂದಾಗ ನಡುರಾತ್ರಿ. ಈಗ ಬರೆಯುತ್ತೇನೆ.

ಸಂಜೆ ಹುಲ್ಲಿನ ತುಂಬ ಜನ. ಕಂಪನಿಯವರು, ಅವರ ಅಪ್ಪ ಅಮ್ಮ, ಮಕ್ಕಳು, ಇಬ್ಬರು ಬಿಳಿಯರು. ಆನೆ ಬಂಡೆಯ ಪಕ್ಕದಲ್ಲೇ ಪರದೆ. ರಾಯರು ಕೋಟು ಹಾಕಿ, ಕಪ್ಪು ಟೋಪಿ ಇಟ್ಟು ಮುಂದಿನ ಸಾಲಿನಲ್ಲಿ ಕೂತರು. ಶಿವದೇವಮ್ಮ ಇಳಕಲ್ ಸೀರೆಯಲ್ಲಿ ಕೊನೆಯ ಸಾಲಿನ ಅಂಚಿನ ಕುರ್ಚಿಯಲ್ಲಿ, ಎದ್ದು ಹೋಗಲು ಅನುಕೂಲವಾಗುವ ಹಾಗೆ. ನಾನು ಕಣ್ಣಲ್ಲೇ, ನೆನಪಿದೆ ಎಂದೆ.

ಪರದೆಯ ಮೇಲೆ ಮೊದಲು ಬಂದದ್ದು ಬರೀ ಬಂಡೆಗಳು. ಬಂಡೆಯ ಮೇಲೆ ಬಂಡೆ, ಅವುಗಳ ನಡುವೆ ಒಬ್ಬ ಕುರುಬ, ಕುರಿ. ಯಾರೋ, ಅದು ನಮ್ಮ ಪಾರ್ಕಿಂಗ್ ಎಂದರು. ಆನೆ ಬಂಡೆ ಕಂಡಾಗ ಎಲ್ಲರ ತಲೆ ಒಟ್ಟಿಗೇ ಪಕ್ಕಕ್ಕೆ ತಿರುಗಿತು, ಮತ್ತೆ ಪರದೆಗೆ. ಅಲ್ಲಿ, ನಾವು ದಿನಾ ಊಟ ಮಾಡುವ ಜಾಗದಲ್ಲಿ ಗಾಳಿ ಬೀಸುತ್ತಿತ್ತು, ಒಂದೂ ಗೋಡೆ ಇರಲಿಲ್ಲ.

ಆಮೇಲೆ ನಗು ಶುರುವಾಯಿತು. ಟ್ಯಾಂಕು ರಟ್ಟಿನದು, ಗಾಳಿಗೆ ಅಲುಗುತ್ತಿತ್ತು. ಹೀರೋನ ಮೀಸೆ ಒಂದು ಸೀನಿನಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಆದರೂ ಜನ ಏಳಲಿಲ್ಲ. ಹೀರೋನ ಗೆಳೆಯ ಸತ್ತಾಗ ನಗುತ್ತಿದ್ದವರೇ ಮೂಗು ಒರೆಸಿಕೊಂಡರು. ನನ್ನ ಪಕ್ಕದ ಹುಡುಗಿ, ಇದು ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ಎಂದು ಕೇಳಿದಳು. ನನಗೂ ಗೊತ್ತಾಗಲಿಲ್ಲ.

ರಾಯರ ರೀಲು ಹಚ್ಚುವಾಗ ಪ್ರೊಜೆಕ್ಟರಿನ ಬೆಲ್ಟು ಜಾರಿತು. ಅಮೃತಪ್ಪನಿಗೆ ಕೆಮ್ಮು. ಸೃಜನ್ ಟಾರ್ಚು ಹಿಡೀರಿ ಎಂದ. ನಾನು ಟಾರ್ಚು ಹಿಡಿದೆ, ಅವನು ಬೆಲ್ಟು ಎಳೆದು ಕೂರಿಸಿದ. ಅವನ ಬೆರಳಿಗೆ ಗಾಯವಾಗಿ, ನಾನು ಕರವಸ್ತ್ರ ಸುತ್ತುತ್ತಿದ್ದೆ. ಅಷ್ಟರಲ್ಲಿ ಗುಂಡಿನ ಸದ್ದು ಕೇಳಿತು. ಕೊಟ್ಟ ಮಾತು ಮರೆತೇಹೋಗಿತ್ತು.

ಪರದೆಯಲ್ಲಿ ರಾಯರು ಬಿದ್ದರು. ಎದ್ದರು. ಸಣ್ಣ ನಗು. ಬಂದೂಕು ಕೆಳಗಿಟ್ಟು ಮತ್ತೆ ಬಿದ್ದರು, ಎದ್ದರು. ದೊಡ್ಡ ನಗು. ಯಾರೋ ಹಿಂದಿನಿಂದ, ನಿಲ್ಲದ ಪ್ರೋಗ್ರಾಮಿನ ಬಗ್ಗೆ ಹೇಳುವ ಹಾಗೆ, ಈ ಪ್ರೋಸೆಸ್ ಕಿಲ್ ಆಗ್ತಿಲ್ಲ, ಸರ್ವರ್ ಬಂದ್ ಮಾಡಿ ಎಂದ. ಅಷ್ಟೂ ಜನ ಉರುಳಾಡಿ ನಕ್ಕರು. ನಾನು ಮುಂದಿನ ಸಾಲು ನೋಡಿದೆ. ರಾಯರ ಕುತ್ತಿಗೆ ಕೋಲಿನ ಹಾಗೆ ನೆಟ್ಟಗಾಗಿತ್ತು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ಇಷ್ಟು ವರ್ಷ ಕಾದಿದ್ದು ಈ ನಗುವಿಗೇ ಏನೋ ಅನ್ನಿಸಿತು.

ಆಗ ಶಿವದೇವಮ್ಮ ನೆನಪಾದರು. ಓಡಿದೆ. ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಬಗ್ಗಿ ಕೂತಿದ್ದರು, ಮೈ ಗಡಗಡ ನಡುಗುತ್ತಿತ್ತು. ಕಾಲ ಬಳಿ ಕೂತು, ಅಮ್ಮಾ, ತಪ್ಪಾಯಿತು, ಬನ್ನಿ ಎಂದೆ. ಅವರು ಮುಖ ಎತ್ತಿದರು. ನಗುತ್ತಿದ್ದರು. ಉಸಿರು ಸಿಕ್ಕದಷ್ಟು ನಗುತ್ತಿದ್ದರು.

“ಇದಕ್ಕೇನವಾ ನಾ ಇಷ್ಟು ವರ್ಷ ಹೆದರಿದ್ದು?” ಎಂದರು. “ನೋಡಲ್ಲಿ, ಸಾಯೂ ಮನಷ್ಯಾ ಟೋಪಿ ತಗದು ಬಾಜೂಕ ಇಡ್ತಾರ. ಮನ್ಯಾಗೂ ಹಂಗ. ಟೋಪಿ ಗೂಟಕ್ಕ ಹಾಕದ ಮಲಗೂದಿಲ್ಲ.”

ಸೆರಗು ಬಾಯಿಂದ ಜಾರಿತು. ಆ ನಗು ಹುಲ್ಲಿನ ಮೇಲೆ ಎಲ್ಲರ ನಗುವನ್ನೂ ದಾಟಿ ಹೋಯಿತು. ರಾಯರು ತಿರುಗಿದರು. ಯಾರ ನಗು ಎಂದು ಅವರಿಗೆ ಗೊತ್ತಾಯಿತು. ಅವರು ಎದ್ದು ನಿಂತು ಹೆಂಡತಿಯನ್ನೇ ನೋಡಿದರು. ಹಿಂದೆ ಪರದೆಯಲ್ಲಿ ಅವರು ಕೊನೆಯ ಸಲ ಬಂಡೆಗೆ ಒರಗಿ, ಜಾರಿ, ಕೈಚೆಲ್ಲಿ, ಸತ್ತರು. ಹುಲ್ಲಿನ ಮೇಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು.

ಅಮೃತಪ್ಪನಿಗೆ ಯಾರೂ ಹೇಳಿರಲಿಲ್ಲ. ಹಳೆಯ ರೂಢಿ. ಅವರು ರೀಲನ್ನು ಹಿಂದಕ್ಕೆ ಬಿಟ್ಟರು. ಸತ್ತು ಬಿದ್ದ ಹುಡುಗ ರಾಯರು ನೆಲದಿಂದ ಮೇಲೆ ಎದ್ದರು. ಟೋಪಿ ತಾನಾಗಿ ಕೈಗೆ ಬಂತು, ತಲೆಗೇರಿತು. ಎದೆಯ ರಕ್ತ ಒಳಗೆ ಹೋಯಿತು. ಅವರು ಬಂದೂಕು ಎತ್ತಿಕೊಂಡು, ಹಿಂದೆ ಹಿಂದೆ ಓಡಿ, ಬಂಡೆಯ ಮರೆಗೆ ಹೋದರು. ಗುಂಡು ತಗಲದ, ಏನೂ ಆಗದ ಇಪ್ಪತ್ತೇಳು ವರ್ಷದ ಗಂಡಸು.

ಶಿವದೇವಮ್ಮನ ನಗು ನಿಂತಿತ್ತು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. “ಎದ್ದರು ನೋಡು” ಎಂದರು ಸಣ್ಣಗೆ. ಕಣ್ಣಲ್ಲಿ ನೀರು ಬಂದದ್ದು ಆಗ.

ಆಮೇಲಿನದು ಬರೀ ಗಲಾಟೆ. ಡೆಲಿವರಿ ಹೆಡ್ ಬಂದು ರಾಯರ ಕೈಕುಲುಕಿ, ಆ ನಡುವಿನ ಬೀಳುವಿಕೆ ನನಗೆ ಯಾವತ್ತೂ ಸರಿ ಬರಲಿಲ್ಲ ಎಂದರು. ರಾಯರು ಮಂಡಿ ಮಡಚಬಾರದು ಎಂದು ವಿವರಿಸಿದರು. ಇಬ್ಬರೂ ಬಂಡೆಯ ಮುಂದೆ ಬಿದ್ದು ತೋರಿಸಿದರು. ಬಿಳಿಯರಲ್ಲಿ ಒಬ್ಬನೂ ಬಿದ್ದ. ಪೂರ್ವಿಯೂ ಬಿದ್ದಳು, ಸೀರೆಯಲ್ಲಿ. ಹುಲ್ಲಿನ ತುಂಬ ಜನ ಸಾಯುತ್ತಿದ್ದರು. ಸೃಜನ್ ಒಬ್ಬನೇ, ಹುಲ್ಲು ಹುಲ್ಲು ಎನ್ನುತ್ತ ಓಡಾಡಿದ, ಬೆರಳಿಗೆ ನನ್ನ ಕರವಸ್ತ್ರ ಸುತ್ತಿಕೊಂಡು.

೩೦ ಜನವರಿ, ಶುಕ್ರವಾರ

ಗಾಯ ವಾಸಿಯಾಗಿದೆಯಂತೆ. ಆದರೂ ಕರವಸ್ತ್ರ ವಾಪಸು ಕೊಟ್ಟಿಲ್ಲ, ಒಗೆದು ಕೊಡುತ್ತೇನೆ ಎನ್ನುತ್ತಾನೆ. ನಾನೂ ಒತ್ತಾಯ ಮಾಡಲಿಲ್ಲ. ನಮ್ಮ ಆಫೀಸಿನಲ್ಲಿ ಈಗ ಬಂದ್ ಮಾಡಿದರೂ ಬಂದ್ ಆಗದ ಪ್ರೋಗ್ರಾಮಿಗೆ ‘ರಾಯರು’ ಎನ್ನುತ್ತಾರೆ.

ಹಾಂ, ಪೂರ್ವಿ ಕರೆದಿದ್ದಳು. ಬೆಂಚಿನಿಂದ ಇಳಿದೆ. ಆಯ್ಕೆ ನನ್ನದೇ ಅಂದಳು: ನಾನು ಕೇಳಿದ ಬೆಂಗಳೂರು, ಇಲ್ಲವೇ ಇಲ್ಲೇ ಒಂದು ಹೊಸ ಪ್ರಾಜೆಕ್ಟ್. ಬೆಂಗಳೂರಿನಲ್ಲಿ ಈಗ ಟ್ರಾಫಿಕ್ ಭಾಳ ಆಗಿದೆಯಂತೆ. ಇಲ್ಲೇ ಅಂದೆ. ತಾರಕ್ಕನಿಗೆ ಫೋನ್ ಮಾಡಿ ಕಾರಣ ಹೇಳಿದೆ. ಅವಳು ತುಂಬ ಹೊತ್ತು ನಕ್ಕು, ಟ್ರಾಫಿಕ್ಕಿಗೆ ಕುಂದಾಪುರ ಕಡೆಯ ಹೆಸರೋ ಎಂದು ಕೇಳಿದಳು. ಅವಳ ಮಾತಿಗೆ ತಲೆಬುಡ ಇರುವುದಿಲ್ಲ.

೮ ಫೆಬ್ರವರಿ, ಭಾನುವಾರ

ರಾಯರಿಗೆ ಕೆಲಸ ಸಿಕ್ಕಿದೆ. ಡೆಲಿವರಿ ಹೆಡ್ ಅವರ ಭಾವಮೈದುನ ತೆಲುಗು ಧಾರಾವಾಹಿ ತೆಗೆಯುತ್ತಾನೆ, ಅದರಲ್ಲಿ ಒಬ್ಬ ಜಮೀನ್ದಾರ ಮೊದಲ ವಾರವೇ ಸಾಯಬೇಕಂತೆ. ರಾಯರು, ಬೇಡ ಅನ್ನುತ್ತಾಳೇನೋ ಎಂದು ಹೆಂಡತಿಯ ಮುಖ ನೋಡಿದರು. ಶಿವದೇವಮ್ಮ ಒಪ್ಪಿದರು, ಶೂಟಿಂಗಿಗೆ ತಾವೂ ಬರುವ ಕರಾರಿನ ಮೇಲೆ.

ಇವತ್ತು ಸಂಜೆ ತಾರಸಿಯ ಮೇಲೆ ತಾಲೀಮು. ಸೃಜನ್ ಬಂದಿದ್ದ, ಯಾಕೆ ಎಂದು ಯಾರೂ ಕೇಳಲಿಲ್ಲ. ಅವನ ಕೈಗೆ ಕಸಬರಿಗೆ ಕೊಟ್ಟು ಬಂದೂಕು ಮಾಡಿದರು. ಶಿವದೇವಮ್ಮ ಕುರ್ಚಿ ಹಾಕಿಸಿಕೊಂಡು, ಮಡಿಲ ತುಂಬ ಸುಲಗಾಯಿ, ಅಂದರೆ ಹಸಿ ಕಡಲೆಯ ಕಾಯಿ, ಇಟ್ಟುಕೊಂಡು ಕೂತರು, ನನ್ನ ಬೊಗಸೆಗೂ ಸುರಿದರು. ಸೃಜನ್ ಬಾಯಿಂದ ಗುಂಡಿನ ಸದ್ದು ಮಾಡಿದ. ರಾಯರು ಎದೆ ಹಿಡಿದುಕೊಂಡು, ನೀರಿನ ಟ್ಯಾಂಕಿಗೆ ಒರಗಿ, ಸರಕ್ಕನೆ ಬಿದ್ದುಬಿಟ್ಟರು.

ಶಿವದೇವಮ್ಮನಿಗೆ ಸರಿ ಬರಲಿಲ್ಲ. ಮತ್ತೆ ಏಳಲು ಹೇಳಿದರು. ಒಂದು ಕಾಳು ಬಾಯಿಗೆ ಹಾಕಿಕೊಂಡು, ಬಳೆಯ ಕೈ ಕೆನ್ನೆಗೆ ಆನಿಸಿ ಕೂತರು.

“ಅವಸರ ಮಾಡಬ್ಯಾಡ್ರಿ” ಎಂದರು. “ಸಾವಕಾಶ ಸಾಯ್ರಿ. ಯಾರೂ ಎಲ್ಲಿಗೂ ಹೊಂಟಿಲ್ಲ.”